ರಮೇಶ್ ಮತ್ತು ರಮೇಶ್ ಒಂದೇ ಅಲ್ಲ: ಕೋಡ್‌ನಲ್ಲಿ ಕನ್ನಡ ಕೆಟ್ಟಾಗ ದೋಷ ಹುಡುಕುವ ಬಗೆ

ಊರಿನ ಒಂದು ಸಹಕಾರ ಸಂಘಕ್ಕೆ ಸದಸ್ಯರ ಗುರುತಿನ ಚೀಟಿ ಮಾಡಿಕೊಡಬೇಕಿತ್ತು. ಹೆಸರುಗಳು ಮೂರು ಕಡೆಯಿಂದ ಬಂದವು: ಹಳೆಯ ಕಂಪ್ಯೂಟರಿನ ಒಂದು ವರ್ಡ್ ಫೈಲು, ಒಂದು ಎಕ್ಸೆಲ್ ಹಾಳೆ, ಹುಡುಗರು ಮನೆಮನೆಗೆ ಹೋಗಿ ಮೊಬೈಲಿನಲ್ಲಿ ತುಂಬಿಸಿದ ಫಾರ್ಮು. ಮೂರನ್ನೂ ಸೇರಿಸಿ, ಎರಡೆರಡು ಸಲ ಬಂದ ಹೆಸರು ತೆಗೆಯಲು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದೆ. ಓಡಿಸಿದರೆ ಅದೇ ಮನೆಯ ಅದೇ ರಮೇಶ್ ಎರಡು ಸಲ ಉಳಿದುಕೊಂಡಿದ್ದರು. ಪರದೆಯ ಮೇಲೆ ಎರಡೂ ಹೆಸರು ಅಚ್ಚು ಒಂದೇ. ಹೋಲಿಸಿ ನೋಡಿದರೆ ಉತ್ತರ ಮಾತ್ರ ಫಾಲ್ಸ್.

ಒಂದು ಸಂಜೆ ಪೂರ್ತಿ ನಾನು ಕೋಡನ್ನೇ ತಿದ್ದುತ್ತಾ ಕೂತೆ. ಕೋಡ್ ಸರಿಯಾಗೇ ಇತ್ತು. ಕೊನೆಗೆ ಎರಡೂ ಹೆಸರಿನ ಒಂದೊಂದು ಚಿಹ್ನೆಯ ಯೂನಿಕೋಡ್ ಸಂಖ್ಯೆ, ಅಂದರೆ ಕಂಪ್ಯೂಟರ್ ಆ ಚಿಹ್ನೆಯನ್ನು ಗುರುತಿಸುವ ಸಂಖ್ಯೆ, ಪ್ರಿಂಟ್ ಮಾಡಿದೆ.

ಮೊದಲನೆಯದು: 3248, 3246, 3271, 3254, 3277
ಎರಡನೆಯದು: 3248, 3246, 3271, 3254, 3277, 8204

ಕೊನೆಯ 8204 ನೋಡಿ. ಅದು ಕಣ್ಣಿಗೆ ಕಾಣದ ಚಿಹ್ನೆ, ಹೆಸರು ಝೀರೋ ವಿಡ್ತ್ ನಾನ್ ಜಾಯ್ನರ್. ಯಾರೋ "ರಮೇಶ್‌ಗೆ" ಅಂತ ಟೈಪ್ ಮಾಡಿದ್ದಾರೆ. ಶ್ ಮತ್ತು ಗೆ ಸೇರಿ ಒತ್ತಕ್ಷರ ಆಗಬಾರದು ಅಂತ ಕೀಬೋರ್ಡ್ ನಡುವೆ ಈ ಚಿಹ್ನೆ ಹಾಕಿದೆ. ಆಮೇಲೆ "ಗೆ" ಅಳಿಸಿದ್ದಾರೆ, ಚಿಹ್ನೆ ಅಲ್ಲೇ ಉಳಿದಿದೆ. ಅಷ್ಟೇ ಕಥೆ.

ಅವತ್ತಿನಿಂದ ಕನ್ನಡ ಪಠ್ಯದ ಯಾವ ತೊಂದರೆ ಬಂದರೂ ನಾನು ಮೊದಲು ಮಾಡುವ ಕೆಲಸ ಇದೊಂದೇ: ಸಂಖ್ಯೆ ನೋಡುವುದು. ಕೋಡ್ ಮುಟ್ಟುವುದು ಆಮೇಲೆ. ಕನ್ನಡ ಪಠ್ಯ ನಾಲ್ಕು ಕಡೆ ಕೆಡಬಹುದು: ಬೈಟ್‌ಗಳಲ್ಲಿ, ಯೂನಿಕೋಡ್ ಸಂಖ್ಯೆಗಳಲ್ಲಿ, ಅಕ್ಷರ ಎಣಿಸುವ ಲೆಕ್ಕದಲ್ಲಿ, ಫಾಂಟ್ ಬರೆಯುವಾಗ. ಯಾವ ಕಡೆ ಅಂತ ಗೊತ್ತಾಗದೆ ಕೈ ಹಾಕಿದರೆ ಚೆನ್ನಾಗಿದ್ದ ಡೇಟಾ ಕೂಡ ಹಾಳಾಗುತ್ತದೆ.

(ಇಲ್ಲಿ ಕೋಡನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ.)

ಸಂಖ್ಯೆ ನೋಡುವುದು ಹೇಗೆ

ಪೈಥಾನ್‌ನಲ್ಲಿ ಒಂದೇ ಸಾಲು: ಸ್ಟ್ರಿಂಗ್‌ನ ಪ್ರತಿ ಚಿಹ್ನೆಗೂ ಆರ್ಡ್ ಕರೆದು ಲಿಸ್ಟ್ ಮಾಡಿ. ಹೆಸರೂ ಬೇಕಿದ್ದರೆ ಯೂನಿಕೋಡ್‌ಡೇಟಾ ಮಾಡ್ಯೂಲಿನ ನೇಮ್ ಫಂಕ್ಷನ್ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಮೂರು ಚುಕ್ಕಿ ಹಾಕಿ ಸ್ಟ್ರಿಂಗನ್ನು ಅರೇ ಮಾಡಿ, ಮ್ಯಾಪ್ ಒಳಗೆ ಕೋಡ್‌ಪಾಯಿಂಟ್‌ಆ್ಯಟ್ ಸೊನ್ನೆ ಕರೆಯಿರಿ. ಜಾವಾದಲ್ಲಿ ಸ್ಟ್ರಿಂಗ್‌ಗೇ ಕೋಡ್‌ಪಾಯಿಂಟ್ಸ್ ಮೆಥಡ್ ಇದೆ. ಗೋ ಭಾಷೆಯಲ್ಲಿ ಸ್ಟ್ರಿಂಗ್ ಮೇಲೆ ಫಾರ್ ರೇಂಜ್ ಓಡಿಸಿದರೆ ರೂನ್‌ಗಳೇ (ಯೂನಿಕೋಡ್ ಸಂಖ್ಯೆಗೆ ಗೋ ಇಟ್ಟ ಹೆಸರು) ಸಿಗುತ್ತವೆ. ಪಿಎಚ್‌ಪಿಯಲ್ಲಿ ಎಂಬಿ-ಸ್ಟ್ರ್-ಸ್ಪ್ಲಿಟ್ ಮಾಡಿ ಎಂಬಿ-ಆರ್ಡ್ ಕರೆಯಿರಿ. ಮೈಎಸ್‌ಕ್ಯೂಎಲ್‌ನಲ್ಲಿ ಸೆಲೆಕ್ಟ್ ಹೆಕ್ಸ್ ಅಂತ ಕಾಲಂ ಕೊಟ್ಟರೆ ಬೈಟ್‌ಗಳೇ ಹೆಕ್ಸ್‌ನಲ್ಲಿ (ಅಂಕಿಗಳ ಜೊತೆ ಎ ಇಂದ ಎಫ್‌ವರೆಗಿನ ಅಕ್ಷರ ಬಳಸುವ ಬರವಣಿಗೆ) ಕಾಣುತ್ತವೆ.

ಕನ್ನಡದ ಚಿಹ್ನೆಗಳೆಲ್ಲ 3200ರಿಂದ 3327ರ ಒಳಗಿವೆ. ಕ ಅಂದರೆ 3221, ಹ ಅಂದರೆ 3257, ವ್ಯಂಜನದ ಸ್ವರ ತೆಗೆಯುವ, ವಿರಾಮ ಅನ್ನುವ ಚಿಹ್ನೆ ್ ಅಂದರೆ 3277. ಪಟ್ಟಿಯಲ್ಲಿ ಈ ಸಾಲಿನ ಆಚೆಗಿನ ಸಂಖ್ಯೆ ಕಂಡರೆ ಅಲ್ಲೇ ನಿಲ್ಲಿ. 8203, 8204, 8205 ಕಾಣದ ಚಿಹ್ನೆಗಳು. 65279 ಫೈಲಿನ ಮೊದಲಿಗೆ ಬರುವ ಬಿಓಎಂ, ಬೈಟ್‌ಗಳನ್ನು ಹೇಗೆ ಓದಬೇಕು ಅಂತ ಹೇಳುವ ಗುರುತು. 65533 ಅಂದರೆ ಒಡೆದ ಬೈಟ್ ಸಿಕ್ಕಿದೆ ಅಂತ ಡಿಕೋಡರ್ ಹಾಕಿದ ಗುರುತು, ಕಪ್ಪು ವಜ್ರದೊಳಗಿನ ಪ್ರಶ್ನೆ ಚಿಹ್ನೆ �.

ಸ್ಟ್ರಿಪ್ ಮಾಡಿದರೆ (ಅಂದರೆ ಎರಡೂ ತುದಿಯ ಖಾಲಿ ಜಾಗ ತೆಗೆದರೆ) ಹೋಗುವುದಿಲ್ಲವಾ ಅಂತ ಕೇಳಬಹುದು. ಹೋಗುವುದಿಲ್ಲ. ಪೈಥಾನ್‌ನ ಸ್ಟ್ರಿಪ್ ಆಗಲಿ, ಜಾವಾಸ್ಕ್ರಿಪ್ಟ್‌ನ ಟ್ರಿಮ್ ಆಗಲಿ 8204ನ್ನು ಖಾಲಿ ಜಾಗ ಅಂತ ಎಣಿಸುವುದೇ ಇಲ್ಲ.

ಹಾಗಂತ ಸಿಕ್ಕ ಕಡೆಯೆಲ್ಲ 8204, 8205 ಕಿತ್ತು ಹಾಕಬೇಡಿ. ರಾಜ್‌ಕುಮಾರ್ ಅನ್ನುವ ಹೆಸರಿನ ನಡುವೆ 8204 ಇದೆ. ಕಿತ್ತರೆ ರಾಜ್ಕುಮಾರ್ ಆಗುತ್ತದೆ. ರ‍್ಯಾಂಕ್ ಅನ್ನುವಲ್ಲಿ ರ ಆದ ಮೇಲೆ 8205 ಇದೆ, ಅದಕ್ಕೇ ಕೆಳಗೆ ಯ ಒತ್ತು ಬಂದಿರುವುದು. ಅದನ್ನು ಕಿತ್ತರೆ ರ್ಯಾಂಕ್ ಅಂತ ಅರ್ಕಾವತ್ತು ಬಂದು ಕೂರುತ್ತದೆ. ಹಾಗಾಗಿ ಎರಡು ಕಾಲಂ ಇಡಿ. ಒಂದರಲ್ಲಿ ಮೂಲ ಹೆಸರು, ಮುದ್ರಣಕ್ಕೆ. ಇನ್ನೊಂದರಲ್ಲಿ ಹೋಲಿಸಲು ಮಾತ್ರ ಬಳಸುವ ಕೀ. ಕೀ ಮಾಡುವಾಗ 8203, 8204, 8205, 65279 ತೆಗೆಯಿರಿ, ಆಮೇಲೆ ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ನಾರ್ಮಲೈಸ್ ಮಾಡಿ, ಕೊನೆಗೆ ಸ್ಟ್ರಿಪ್ ಮಾಡಿ.

ನಾರ್ಮಲೈಸ್ ಯಾಕೆ? ನಮ್ಮ ಐದು ಸ್ವರ ಚಿಹ್ನೆಗಳನ್ನು (ೀ ೇ ೈ ೊ ೋ) ಒಂದೇ ಸಂಖ್ಯೆಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ೋ ಅಂದರೆ 3275. ಅದನ್ನೇ 3270, 3266, 3285 ಅಂತ ಮೂರು ಚಿಹ್ನೆ ಮಾಡಿದರೂ ಪರದೆಯ ಮೇಲೆ ಅದೇ ೋ. ಮೋಹನ ಮತ್ತು ಮೋಹನ ಬೇರೆಬೇರೆ ಆಗುವುದು ಹೀಗೆ. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಡಾಟ್ ನಾರ್ಮಲೈಸ್‌ಗೆ ಮೊದಲ ಆರ್ಗ್ಯುಮೆಂಟ್ ಆಗಿ ಎನ್‌ಎಫ್‌ಸಿ ಕೊಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ರಿಂಗ್ ಮೇಲೆ ಸುಮ್ನೆ ನಾರ್ಮಲೈಸ್ ಕರೆದರೂ ಸಾಕು, ತಾನಾಗಿ ಎನ್‌ಎಫ್‌ಸಿ ಮಾಡುತ್ತದೆ. ಜಾವಾ, ಪಿಎಚ್‌ಪಿ ಎರಡರಲ್ಲೂ ನಾರ್ಮಲೈಸರ್ ಅನ್ನುವ ಕ್ಲಾಸ್ ಇದೆ. ಪಿಎಚ್‌ಪಿಗೆ ಇಂಟಲ್ (ಐ-ಎನ್-ಟಿ-ಎಲ್) ಎಕ್ಸ್‌ಟೆನ್ಷನ್ ಹಾಕಿರಬೇಕು.

ನೋಡಿದ ಕೂಡಲೇ ಗುರುತಿಸಬಹುದಾದ ಕೇಡು

ಪಠ್ಯ ಓದಲಾಗದಷ್ಟು ಕೆಟ್ಟಿದ್ದರೆ ಅದರ ರೂಪವೇ ಕಾರಣ ಹೇಳುತ್ತದೆ.

ತಲೆಯ ಮೇಲೆ ಗೀರಿರುವ ಸಣ್ಣ ಎ, ಪಕ್ಕದಲ್ಲಿ ಮೇಲೇರಿದ ² ಅಥವಾ ³, ಆಮೇಲೆ ಇನ್ನೇನೋ, ಮತ್ತೆ ಅದೇ ಎ. ಈ ಸಾಲು ಕಂಡರೆ ಖುಷಿಪಡಿ, ಡೇಟಾ ಬದುಕಿದೆ. ಯುಟಿಎಫ್-8ರಲ್ಲಿ (ಯೂನಿಕೋಡ್ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ, ಇಂಥದ್ದಕ್ಕೆ ಎನ್‌ಕೋಡಿಂಗ್ ಅನ್ನುತ್ತಾರೆ) ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಮೊದಲ ಬೈಟ್ ಯಾವಾಗಲೂ ಇ0, ಎರಡನೆಯದು ಬಿ2 ಇಲ್ಲವೇ ಬಿ3. ವಿಂಡೋಸ್‌ನ ಹಳೆಯ 1252 ಕೋಡ್‌ಪೇಜಿನಲ್ಲಿ ಓದಿದರೆ ಇ0 ಅಂದರೆ ಆ ಗೀರಿನ ಎ, ಬಿ2 ಅಂದರೆ ², ಬಿ3 ಅಂದರೆ ³. ಬೈಟ್ ಸರಿಯಿದೆ, ಓದಿದವರು ತಪ್ಪು ಕನ್ನಡಕ ಹಾಕಿದ್ದಾರೆ ಅಷ್ಟೇ.

ಸಿಎಸ್‌ವಿ ಫೈಲನ್ನು ವಿಂಡೋಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಇದು ಜಾಸ್ತಿ ಕಾಣುತ್ತದೆ. ಫೈಲಿನ ಮೊದಲಿಗೆ ಬಿಓಎಂ ಇಲ್ಲದಿದ್ದರೆ ಅದು ಯುಟಿಎಫ್-8 ಅಂತ ಎಕ್ಸೆಲ್ ಗುರುತಿಸುವುದಿಲ್ಲ. ಬರೆಯುವಾಗ ಪೈಥಾನ್‌ನ ಓಪನ್‌ಗೆ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಅಂತ ಕೊಡಿ. ಫೈಲು ಈಗಾಗಲೇ ಬೇರೆಯವರ ಕೈಯಲ್ಲಿದ್ದರೆ, ಡೇಟಾ ಮೆನುವಿನ ಫ್ರಮ್ ಟೆಕ್ಸ್ಟ್ ದಾರಿಯಲ್ಲಿ ತೆರೆದು 65001 (ಯುಟಿಎಫ್-8) ಆರಿಸಿಕೊಳ್ಳಲು ಹೇಳಿ.

ಇದರ ಉಲ್ಟಾ ತೊಂದರೆಯೂ ಇದೆ. ಬಿಓಎಂ ಇರುವ ಫೈಲನ್ನು ಬರೀ ಯುಟಿಎಫ್-8 ಅಂತ ಓದಿದರೆ ಮೊದಲ ಕಾಲಮ್ಮಿನ ತಲೆಬರಹಕ್ಕೆ 65279 ಅಂಟಿಕೊಳ್ಳುತ್ತದೆ. ಕಣ್ಣೆದುರಿಗೇ "ಹೆಸರು" ಕಾಲಂ ಇದೆ, ಪ್ರೋಗ್ರಾಂ ಮಾತ್ರ ಕೀಎರರ್ ಅನ್ನುತ್ತದೆ. ಓದುವಾಗಲೂ ಯುಟಿಎಫ್-8-ಸಿಗ್ ಕೊಟ್ಟರೆ ಬಿಓಎಂ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ.

ವಿಂಡೋಸ್‌ನಲ್ಲಿ ಪೈಥಾನ್ "ಚಾರ್‌ಮ್ಯಾಪ್ ಕೋಡೆಕ್" ಅಂತ ಶುರುವಾಗುವ ದೋಷ ಕೊಟ್ಟು, ಬೈಟ್ 8ಡಿ ಡಿಕೋಡ್ ಆಗುತ್ತಿಲ್ಲ ಅಂದರೆ ಅದೂ ಇದೇ ಜಾತಿಯದು. ಈ 8ಡಿ ನನಗೆ ಈಗ ಹಳೆಯ ಪರಿಚಯದವರ ಹಾಗೆ. ್ ಚಿಹ್ನೆಯ ಮೂರು ಬೈಟ್ ಇ0, ಬಿ3, 8ಡಿ. 1252ರಲ್ಲಿ 8ಡಿಗೆ ಯಾವ ಅಕ್ಷರವೂ ಇಲ್ಲ. ಒಂದು ಒತ್ತಕ್ಷರ ಸಿಕ್ಕಿದ ಕೂಡಲೇ ಓದುವುದು ನಿಂತುಹೋಗುತ್ತದೆ. ಓಪನ್ ಕರೆಯುವ ಪ್ರತಿ ಕಡೆಯೂ ಎನ್‌ಕೋಡಿಂಗ್ ಹೇಳಿಬಿಡಿ. ಜಾವಾದಲ್ಲಿ 2022ರಲ್ಲಿ ಬಂದ 18ನೇ ಆವೃತ್ತಿಯಿಂದ ಯುಟಿಎಫ್-8 ತಾನಾಗಿಯೇ ಇದೆ. ಅದಕ್ಕಿಂತ ಹಳೆಯದರಲ್ಲಿ ನೀವೇ ಹೇಳಬೇಕು.

ಸಣ್ಣ ಎ ಬದಲು, ತಲೆಯ ಮೇಲೆ ಅಲೆಯಂಥ ಗೆರೆ ಇರುವ ದೊಡ್ಡ ಎ ಮತ್ತೆ ಮತ್ತೆ ಬಂದರೆ ಕೆಟ್ಟ ಪಠ್ಯವನ್ನೇ ಇನ್ನೊಂದು ಸಲ ಎನ್‌ಕೋಡ್ ಮಾಡಿ ಇಟ್ಟಿದ್ದಾರೆ. ಡೇಟಾಬೇಸ್‌ನಲ್ಲಿ ಹೆಕ್ಸ್ ನೋಡಿ. ಸರಿಯಾದ ಕನ್ನಡ ಇ0ಬಿ2 ಅಥವಾ ಇ0ಬಿ3 ಇಂದ ಶುರುವಾಗುತ್ತದೆ. ಎರಡು ಸಲ ಆಗಿದ್ದರೆ ಸಿ3ಎ0 ಇಂದ. ಮೈಎಸ್‌ಕ್ಯೂಎಲ್‌ನಲ್ಲಿ ಆ ಕಾಲಮ್ಮನ್ನು ಲ್ಯಾಟಿನ್1ಗೆ ಕನ್ವರ್ಟ್ ಮಾಡಿ, ಬೈನರಿಗೆ ಕಾಸ್ಟ್ ಮಾಡಿ, ಮತ್ತೆ ಯುಟಿಎಫ್8ಎಂಬಿ4ಗೆ ಕನ್ವರ್ಟ್ ಮಾಡಿದರೆ ಮೂಲ ಪಠ್ಯ ಮರಳುತ್ತದೆ. ಮೊದಲು ಸೆಲೆಕ್ಟ್‌ನಲ್ಲಿ ನೋಡಿ, ಬ್ಯಾಕಪ್ ತೆಗೆದುಕೊಂಡು, ಆಮೇಲೆ ಅಪ್‌ಡೇಟ್ ಮಾಡಿ. ಕೆಲವು ಸಾಲು ಸರಿಯಿದ್ದು ಕೆಲವು ಕೆಟ್ಟಿರುವುದು ಮಾಮೂಲಿ. ಸಿ3ಎ0 ಇಂದ ಶುರುವಾಗುವ ಸಾಲುಗಳಿಗೆ ಮಾತ್ರ ಈ ಮದ್ದು.

ಬರೀ ????? ಕಂಡರೆ ಮಾತ್ರ ಬೇಜಾರಿನ ಸುದ್ದಿ. ಕನ್ನಡ ಹಿಡಿಯದ ಜಾಗಕ್ಕೆ ಕನ್ನಡ ತುಂಬಿಸಿದ್ದಾರೆ, ಅಕ್ಷರ ಹೋಗಿಯೇ ಹೋಗಿದೆ. ಹೆಕ್ಸ್‌ನಲ್ಲಿ ಪ್ರಶ್ನೆ ಚಿಹ್ನೆಯ ಬೈಟ್ 3ಎಫ್ ಸಾಲಾಗಿ ಕಂಡರೆ ಖಾತ್ರಿ. ಮೂಲದಿಂದ ಮತ್ತೆ ತುಂಬಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ಎಸ್‌ಕ್ಯೂಎಲ್ ಸರ್ವರ್ ಬಳಸುತ್ತಿದ್ದರೆ ಎರಡು ಕಡೆ ನೋಡಿ: ಕಾಲಂ ಎನ್‌ವಾರ್‌ಚಾರ್ ಆಗಿದೆಯಾ, ಕ್ವೆರಿಯಲ್ಲಿ ಕನ್ನಡ ಪಠ್ಯದ ಕೋಟ್ ಮುಂದೆ ದೊಡ್ಡ ಎನ್ ಇದೆಯಾ. ಕಾಲಂ ಸರಿಯಿದ್ದು ಎನ್ ಬಿಟ್ಟುಹೋದರೂ ಪ್ರಶ್ನೆ ಚಿಹ್ನೆಯೇ.

ಖಾಲಿ ಚೌಕಗಳು ಕಂಡರೆ ಡೇಟಾ ಚೆನ್ನಾಗಿದೆ, ಫಾಂಟ್ ಇಲ್ಲ. ಸರ್ವರ್‌ನಲ್ಲಿ ಕ್ರೋಮ್ ಓಡಿಸಿ ಪಿಡಿಎಫ್ ಮಾಡುವವರಿಗೆ ಇದು ಬಂದೇ ಬರುತ್ತದೆ. ಡೆಬಿಯನ್, ಉಬುಂಟು ಆದರೆ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜು ಹಾಕಿ, ಅದರ ಜೊತೆ ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಬರುತ್ತವೆ.

ಇನ್ನೊಂದು ಜಾತಿ ನಮ್ಮ ಕರ್ನಾಟಕದ್ದೇ. ಸಂಘದ ವರ್ಡ್ ಫೈಲು ಹಾಗಿತ್ತು. "ಕನ್ನಡ" ಅನ್ನುವ ಪದ ದೊಡ್ಡ ಪಿ ಇಂದ ಶುರುವಾಗಿ, ನಡುವೆ £ ಬಂದು, ಕೊನೆಗೊಂದು ಸಣ್ಣ ಕ್ಯೂ. ನಡುನಡುವೆ ಗೀರಿರುವ ದೊಡ್ಡ ಎ. ಇದು ನುಡಿ ಫಾಂಟಿನ ಹಳೆಯ ಬರವಣಿಗೆ, ಯೂನಿಕೋಡ್ ಬಳಕೆ ಹರಡುವ ಮುಂಚಿನ ಪದ್ಧತಿ. ಆ ದೊಡ್ಡ ಎ ಅಂದರೆ ತಲೆಕಟ್ಟು. ಇದಕ್ಕೆ ಎನ್‌ಕೋಡಿಂಗ್ ಬದಲಿಸಿ ಪ್ರಯೋಜನ ಇಲ್ಲ, ನುಡಿಯಿಂದ ಯೂನಿಕೋಡಿಗೆ ತರುವ ಪರಿವರ್ತಕವೇ ಬೇಕು. ಫೈಲಿನಲ್ಲಿ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವುಗಳನ್ನು ಮೊದಲೇ ಬೇರೆ ಮಾಡಿ ಇಡಿ. ಇಲ್ಲದಿದ್ದರೆ ಅವೂ ಕನ್ನಡದ ತುಣುಕುಗಳಾಗಿ ಹೋಗುತ್ತವೆ.

ಎಣಿಕೆ ಮತ್ತು ಕತ್ತರಿ

"ಕನ್ನಡ" ಪದದಲ್ಲಿ ಎಷ್ಟು ಅಕ್ಷರ? ಒಂದನೇ ತರಗತಿ ಮಗು ಮೂರು ಅನ್ನುತ್ತದೆ. ಪೈಥಾನ್‌ನ ಲೆನ್, ಜಾವಾಸ್ಕ್ರಿಪ್ಟ್ ಮತ್ತು ಜಾವಾದ ಲೆಂತ್ 5 ಅನ್ನುತ್ತವೆ. ಗೋ, ರಸ್ಟ್ ಭಾಷೆಗಳ ಲೆನ್, ಪಿಎಚ್‌ಪಿಯ ಸ್ಟ್ರ್‌ಲೆನ್ 15 ಅನ್ನುತ್ತವೆ. ಯಾವುದೂ ಸುಳ್ಳಲ್ಲ: 5 ಚಿಹ್ನೆ, 15 ಬೈಟ್.

ದೋಷ ಹುಟ್ಟುವುದು ಕತ್ತರಿಸುವಾಗ. ಲಕ್ಷ್ಮೀನಾರಾಯಣ ಅನ್ನುವ ಹೆಸರು ತೆಗೆದುಕೊಳ್ಳಿ. ಕಣ್ಣಿಗೆ 6 ಅಕ್ಷರ, ಲೆಕ್ಕಕ್ಕೆ 13 ಚಿಹ್ನೆ, 39 ಬೈಟ್. ಒರಾಕಲ್‌ನಲ್ಲಿ ವಾರ್‌ಚಾರ್2 30 ಅಂತ ಕಾಲಂ ಮಾಡಿದ್ದರೆ ಆರಕ್ಷರದ ಈ ಹೆಸರು ಹಿಡಿಯುವುದಿಲ್ಲ, ಓಆರ್‌ಎ-12899 ದೋಷ ಬರುತ್ತದೆ. ಅಲ್ಲಿ 30 ಅಂದರೆ ಸಾಮಾನ್ಯವಾಗಿ 30 ಬೈಟ್. "30 ಚಾರ್" ಅಂತ ಬರೆಯಿರಿ. ಪಿಎಚ್‌ಪಿಯ ಸಬ್‌ಸ್ಟ್ರ್‌ನಲ್ಲಿ 20ಕ್ಕೆ ಕತ್ತರಿಸಿದರೆ "ಲಕ್ಷ್ಮ" ಆಗಿ, ಎರಡು ಬೈಟ್ ಅರ್ಧಕ್ಕೆ ಉಳಿದು, ತುದಿಯಲ್ಲಿ � ಬರುತ್ತದೆ. ಎಂಬಿ-ಸಬ್‌ಸ್ಟ್ರ್ ಬಳಸಿದರೆ � ಹೋಗುತ್ತದೆ, ಆದರೆ 5ಕ್ಕೆ ಕತ್ತರಿಸಿದರೆ "ಲಕ್ಷ್" ಅಂತ ನಿಲ್ಲುತ್ತದೆ. ಇದೂ ಸರಿಯಿಲ್ಲ, ಅಲ್ವಾ?

ಹಾಗಾದರೆ ಗ್ರಾಫೀಮ್ ಲೆಕ್ಕಕ್ಕೆ, ಅಂದರೆ ಒಟ್ಟಿಗೆ ಒಂದು ಅಕ್ಷರವಾಗಿ ನಿಲ್ಲುವ ಚಿಹ್ನೆಗಳನ್ನು ಒಂದೇ ಅಂತ ಎಣಿಸುವ ಲೆಕ್ಕಕ್ಕೆ ಹೋಗೋಣ. ಜಾವಾಸ್ಕ್ರಿಪ್ಟ್‌ನ ಇಂಟಲ್ ಡಾಟ್ ಸೆಗ್ಮೆಂಟರ್, ಸ್ವಿಫ್ಟ್‌ನ ಕೌಂಟ್, ಪಿಎಚ್‌ಪಿಯ ಗ್ರಾಫೀಮ್-ಸ್ಟ್ರ್‌ಲೆನ್ ಈ ಲೆಕ್ಕದವು. ಇಲ್ಲೂ "ಕನ್ನಡ"ಕ್ಕೆ 4 ಬರುತ್ತದೆ: ಕ, ನ್, ನ, ಡ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರ ಒಡೆಯದ ಹಾಗೆ ಹೊಸ ನಿಯಮ ತಂದರು. ದೇವನಾಗರಿ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ತೆಲುಗಿನಲ್ಲಿ ಸರಿ ಬಂದ ಕೋಡು ಕನ್ನಡದಲ್ಲಿ ಒಡೆಯುವುದು ಕಂಡರೆ ತಲೆಕೆಡಿಸಿಕೊಳ್ಳಬೇಡಿ, ಕಾರಣ ಇದು.

ಮದ್ದು ನಾಲ್ಕು ಸಾಲಿನದು. ಮೊದಲು ಗ್ರಾಫೀಮ್‌ಗಳಾಗಿ ಒಡೆಯಿರಿ. ಪಟ್ಟಿಯನ್ನು ಎಡದಿಂದ ನೋಡುತ್ತಾ ಹೋಗಿ. ಒಂದು ತುಣುಕು 3277ರಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ಶುರುವಾದರೆ (3221ರಿಂದ 3257) ಎರಡನ್ನೂ ಅಂಟಿಸಿ. ಇಲ್ಲದಿದ್ದರೆ ಹೊಸ ಅಕ್ಷರ. ಈಗ ಕ, ನ್ನ, ಡ. ರಾಜ್‌ಕುಮಾರ್‌ನಲ್ಲಿ ಜ್ ಆದ ಮೇಲೆ 8204 ಇರುವುದರಿಂದ ಆ ತುಣುಕು 3277ರಲ್ಲಿ ಮುಗಿಯುವುದಿಲ್ಲ, ಹಾಗಾಗಿ ಜ್ ಮತ್ತು ಕು ಬೇರೆಯೇ ಉಳಿಯುತ್ತವೆ. ನಮಗೆ ಬೇಕಾಗಿದ್ದೂ ಅದೇ.

ದೊಡ್ಡ ಕಡತದಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ � ಬರುತ್ತಿದ್ದರೆ, ಅದೂ ನೋಡ್‌ಜೆಎಸ್‌ನಲ್ಲಿ, ಸ್ಟ್ರೀಮ್ ತುಂಡಾಗುವ ಜಾಗ ನೋಡಿ. ಫೈಲ್ ಸ್ಟ್ರೀಮ್ ಒಂದು ಸಲಕ್ಕೆ 65536 ಬೈಟ್ ಕೊಡುತ್ತದೆ. ಅದನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ಕನ್ನಡದ ಚಿಹ್ನೆ ತುಂಡಿನ ಅಂಚಿನಲ್ಲಿ ಒಡೆಯುವುದು ಸಹಜ. ಪ್ರತಿ ತುಂಡಿಗೂ ಟುಸ್ಟ್ರಿಂಗ್ ಕರೆಯುವುದು ಬಿಟ್ಟು, ಶುರುವಿನಲ್ಲೇ ಸ್ಟ್ರೀಮ್‌ಗೆ ಸೆಟ್‌ಎನ್‌ಕೋಡಿಂಗ್ ಯುಟಿಎಫ್8 ಅಂದುಬಿಡಿ.

ರೆಜೆಕ್ಸ್ ಮತ್ತು ಸ್ಲಗ್

ರೆಜೆಕ್ಸ್ ಅಂದರೆ ಪಠ್ಯದಲ್ಲಿ ಮಾದರಿ ಕೊಟ್ಟು ಹುಡುಕುವ ಬಗೆ. ಪೈಥಾನ್‌ನ ಆರ್‌ಇ ಮಾಡ್ಯೂಲಿನಲ್ಲಿ, ಪದಗಳನ್ನು ಹಿಡಿಯುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್ ಹಾಕಿ "ಕನ್ನಡ" ಹುಡುಕಿದರೆ "ಕನ" ಮತ್ತು "ನಡ" ಅಂತ ಎರಡು ಪದ ಸಿಗುತ್ತವೆ. ಅದರ ದೃಷ್ಟಿಯಲ್ಲಿ ್ ಪದದ ಭಾಗವೇ ಅಲ್ಲ. ಗುಣಿತ ಚಿಹ್ನೆಗಳ ಗತಿಯೂ ಇದೇ. ಹುಡುಕಾಟ, ಪದ ಎಣಿಕೆ ವಿಚಿತ್ರವಾಗಿ ಬರುತ್ತಿದ್ದರೆ ಮೊದಲ ಅನುಮಾನ ಇಲ್ಲಿರಲಿ. ರೆಜೆಕ್ಸ್ ಅನ್ನುವ ಬೇರೆ ಪ್ಯಾಕೇಜು ಹಾಕಿಕೊಂಡರೆ ಸರಿಹೋಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಯು ಫ್ಲ್ಯಾಗ್ ಹಾಕಿ, ಬ್ಯಾಕ್‌ಸ್ಲ್ಯಾಶ್ ಪಿ ಜೊತೆ ಎಲ್ (ಅಕ್ಷರ) ಮತ್ತು ಎಂ (ಗುಣಿತದಂಥ ಚಿಹ್ನೆ) ಎರಡನ್ನೂ ಕೊಡಿ. ಬರೀ ಎಲ್ ಕೊಟ್ಟ ಫಾರ್ಮುಗಳೇ "ಹೆಸರಿನಲ್ಲಿ ಅಕ್ಷರ ಮಾತ್ರ ಇರಲಿ" ಅಂತ ಕನ್ನಡದ ಹೆಸರನ್ನು ವಾಪಸ್ ಕಳಿಸುವುದು. ಹೆಸರು ತಪಾಸಣೆಗೆ 8204, 8205 ಕೂಡ ಸೇರಿಸಿ.

ಸ್ಲಗ್ ಅಂದರೆ ಶೀರ್ಷಿಕೆಯಿಂದ ಮಾಡುವ ವೆಬ್ ವಿಳಾಸದ ತುಣುಕು. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೊದ ಸ್ಲಗಿಫೈ ಇದೇ ನಿಯಮದ ಮೇಲೆ ನಿಂತಿದೆ. ಕನ್ನಡ ಶೀರ್ಷಿಕೆ ಕೊಟ್ಟರೆ ಖಾಲಿ ಬರುತ್ತದೆ. ಅಲೋ-ಯೂನಿಕೋಡ್ ಟ್ರೂ ಮಾಡಿದರೆ "ಕನ್ನಡ" ಹೋಗಿ "ಕನನಡ" ಆಗುತ್ತದೆ. ಸ್ಲಗ್ ಮಾಡುವ ಫಂಕ್ಷನ್ ನಾವೇ ಬರೆದುಕೊಳ್ಳುವುದು ಒಳ್ಳೆಯದು.

ಜೆಸನ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಯು 0ಸಿ95 ಅಂತೆಲ್ಲ ಕಂಡರೆ ಅದು ದೋಷವಲ್ಲ. ಓದುವಾಗ ಸರಿಯಾಗಿ ಕ ಅಂತಲೇ ಬರುತ್ತದೆ. ಕಣ್ಣಿಗೆ ಕನ್ನಡವೇ ಬೇಕಿದ್ದರೆ ಪೈಥಾನ್‌ನಲ್ಲಿ ಎನ್ಶೂರ್-ಆಸ್ಕಿ ಫಾಲ್ಸ್ ಮಾಡಿ.

ಸೊನ್ನೆ ಮತ್ತು ಒಂಬತ್ತು

ನನಗೆ ಅತಿ ಕಷ್ಟ ಕೊಟ್ಟಿದ್ದು ಇವೆರಡು. ಅನುಸ್ವಾರ ಂ 3202. ಕನ್ನಡದ ಅಂಕಿ ಸೊನ್ನೆ ೦ 3302. ಅನೇಕರು ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತುತ್ತಾರೆ: ಬೆ೦ಗಳೂರು. ಪರದೆಯಲ್ಲಿ ಹೆಚ್ಚುಕಡಿಮೆ ಒಂದೇ. ನಾರ್ಮಲೈಸ್ ಇದನ್ನು ಮುಟ್ಟುವುದಿಲ್ಲ, ಅದರ ಪಾಲಿಗೆ ಇವು ಬೇರೆ ಬೇರೆ ಚಿಹ್ನೆ. ಹಾಗೇ ಅರ್ಕಾವತ್ತಿನ ಬದಲು ಅಂಕಿ ಒಂಬತ್ತು ೯ (3311): ಕನಾ೯ಟಕ.

ಸೊನ್ನೆಗೆ ನಿಯಮ ಸುಲಭ. ೦ ಹಿಂದೆ ಅಕ್ಷರ ಅಥವಾ ಗುಣಿತ ಚಿಹ್ನೆ ಇದ್ದು, ಮುಂದೆ ಅಂಕಿ ಇಲ್ಲದಿದ್ದರೆ ಂ ಮಾಡಿ. ಒಂಬತ್ತಿಗೆ ಜಾಗವನ್ನೂ ಬದಲಿಸಬೇಕು. ೯ ಹಿಂದಿನ ವ್ಯಂಜನ ಮತ್ತು ಅದರ ಗುಣಿತವನ್ನು ಹಿಡಿದುಕೊಳ್ಳಿ, ಅದರ ಮುಂಚೆ ರ್ ಸೇರಿಸಿ, ೯ ತೆಗೆಯಿರಿ. ನಾ೯ ಹೋಗಿ ರ್ನಾ ಆಗುತ್ತದೆ. ಮನೆ ಸಂಖ್ಯೆ, ದಿನಾಂಕ ಇರುವ ಕಾಲಮ್ಮಿನ ಮೇಲೆ ಇದನ್ನು ಓಡಿಸಬೇಡಿ.

ಚೀಟಿಯ ಮೇಲೆ

ಪಟ್ಟಿ ಶುದ್ಧವಾಯಿತು, ರಮೇಶ್ ಒಬ್ಬರೇ ಆದರು. ಪಿಲ್ಲೋ ಲೈಬ್ರರಿಯಲ್ಲಿ ಚೀಟಿಯ ಚಿತ್ರ ಮಾಡಿದರೆ "ಅಣ್ಣಪ್ಪ" ಅನ್ನುವ ಹೆಸರು "ಅಣ್‌ಣಪ್‌ಪ" ಅಂತ ಬಂತು. ಸಂಖ್ಯೆ ನೋಡಿದೆ, ಎಲ್ಲ ಸರಿ. ಹಾಗಾದರೆ ತೊಂದರೆ ನಾಲ್ಕನೇ ಕಡೆಯದು, ಬರೆಯುವಾಗಿನದು. ಒತ್ತಕ್ಷರ ಜೋಡಿಸುವ ಕೆಲಸ ಪಿಲ್ಲೋ ತಾನೇ ಮಾಡುವುದಿಲ್ಲ, ರಾಕ್ಮ್ ಅನ್ನುವ ಲೈಬ್ರರಿಗೆ ವಹಿಸುತ್ತದೆ. ಪಿಲ್ಲೋದ ಫೀಚರ್ಸ್ ಮಾಡ್ಯೂಲಿನಲ್ಲಿ ಚೆಕ್ ಫಂಕ್ಷನ್‌ಗೆ ರಾಕ್ಮ್ ಅಂತ ಕೊಟ್ಟೆ, ಫಾಲ್ಸ್ ಬಂತು, ಅಂದರೆ ಅದು ಇರಲೇ ಇಲ್ಲ. ಪಿಡಿಎಫ್ ಮಾಡಲು ಎಫ್‌ಪಿಡಿಎಫ್2 ಲೈಬ್ರರಿ ಬಳಸುವವರು ಸೆಟ್-ಟೆಕ್ಸ್ಟ್-ಶೇಪಿಂಗ್ ಟ್ರೂ ಮಾಡಬೇಕು, ಅದಕ್ಕೆ ಯುಹಾರ್ಫ್‌ಬಜ್ ಬೇಕು.

ನಾನು ಚೀಟಿಯನ್ನು ಎಚ್‌ಟಿಎಂಎಲ್‌ನಲ್ಲಿ ಬರೆದು ಕ್ರೋಮ್‌ನಿಂದ ಪಿಡಿಎಫ್ ತೆಗೆದೆ. ಬ್ರೌಸರಿಗೆ ಒತ್ತಕ್ಷರ ಜೋಡಿಸುವುದು ಮೊದಲಿನಿಂದ ಗೊತ್ತು. ಮುದ್ರಣಕ್ಕೆ ಕಳಿಸುವ ಮುಂಚೆ ಆರು ಹೆಸರು ಮಾತ್ರ ಒಂದು ಹಾಳೆಯಲ್ಲಿ ತೆಗೆದು ನೋಡಿದೆ: ಲಕ್ಷ್ಮೀನಾರಾಯಣ, ರಾಜ್‌ಕುಮಾರ್, ಅಣ್ಣಪ್ಪ, ಕೃಷ್ಣಮೂರ್ತಿ, ಜ್ಯೋತಿ, ಶಂಕರ. ಮೂರು ಪದರದ ಒತ್ತು, ಕಾಣದ ಚಿಹ್ನೆ, ದ್ವಿತ್ವ, ಅರ್ಕಾವತ್ತು, ಬಿಡಿಸಿ ಬರೆಯಬಹುದಾದ ೋ, ಅನುಸ್ವಾರ ಎಲ್ಲ ಈ ಆರರಲ್ಲಿ ಸಿಗುತ್ತವೆ. ಈಗ ಯಾವ ಹೊಸ ಲೈಬ್ರರಿ, ಯಾವ ಡೇಟಾಬೇಸ್ ಕೈಗೆ ಬಂದರೂ ಈ ಆರು ಹೆಸರನ್ನೇ ಮೊದಲು ಹಾಕುತ್ತೇನೆ: ಉಳಿಸಿ, ಮತ್ತೆ ಓದಿ, ಸಂಖ್ಯೆ ಹೋಲಿಸಿ, ಒಂದು ಹಾಳೆ ಪ್ರಿಂಟ್ ತೆಗೆದು ನೋಡುತ್ತೇನೆ.